ತಂತಿ ಕಟ್ಟಿದ ಮೇಲೂ ಮುಗಿಯದ ಚಿಕಿತ್ಸೆ: ಮಕ್ಕಳ ಹಲ್ಲಿನ ಗಾಯಕ್ಕೆ ಮುಂದಿನ ಆರೈಕೆ



ಶಾಲೆಯ ಅಂಗಳದಲ್ಲಿ ಓಡುವಾಗ ಮಗು ಮುಗ್ಗರಿಸಿ ಬೀಳುತ್ತದೆ. ಮೇಲಿನ ಮುಂದಿನ ಹಲ್ಲು ಮುರಿಯುತ್ತದೆ, ಅಲುಗಾಡುತ್ತದೆ ಅಥವಾ ಬೇರುಸಹಿತ ಹೊರಗೆ ಬರುತ್ತದೆ. ರಕ್ತ ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಓಡುತ್ತಾರೆ. ದಂತ ವೈದ್ಯರು ಹಲ್ಲನ್ನು ಸರಿಪಡಿಸಿ, ತಂತಿ ಕಟ್ಟಿ, ಔಷಧಿ ಬರೆದು, "ಎರಡು ವಾರ ಬಿಟ್ಟು ಬನ್ನಿ" ಎಂದು ಹೇಳಿ ಕಳುಹಿಸುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ಬಾವು ಇಳಿಯುತ್ತದೆ, ನೋವು ಹೋಗುತ್ತದೆ, ಮಗು ಮತ್ತೆ ಆಟಕ್ಕೆ ಇಳಿಯುತ್ತದೆ. ಆ ಎರಡು ವಾರದ ಮಾತು ಮರೆತುಹೋಗುತ್ತದೆ.

ಹಲ್ಲು ಕಳೆದುಹೋಗುವುದು ಅನೇಕ ಸಲ ಬಿದ್ದ ದಿನವಲ್ಲ, ಹೀಗೆ ಮರೆತ ದಿನಗಳಲ್ಲಿ. ತುರ್ತು ಚಿಕಿತ್ಸೆ ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಕೆಲಸ ಗೊತ್ತುಪಡಿಸಿದ ದಿನಗಳಲ್ಲಿ ವೈದ್ಯರಿಗೆ ಹಲ್ಲನ್ನು ತೋರಿಸುವುದು. ಇದು ಯಾಕೆ ಅಗತ್ಯ, ಯಾವಾಗ ಹೋಗಬೇಕು, ಧರ್ಮಕೇಂದ್ರಗಳು ಮತ್ತು ಶಾಲೆಗಳು ಏನು ಮಾಡಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಐದು ಊರುಗಳ ಚಿತ್ರ

ಕರಾವಳಿಯಲ್ಲಿ ಕುಳಿತು ಓದುವವರಿಗೆ ದಂತ ವೈದ್ಯರು ದೂರದವರಲ್ಲ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ದಂತ ಕಾಲೇಜುಗಳಿವೆ. ಬಸ್ಸುಗಳಿಗೂ ಕೊರತೆಯಿಲ್ಲ. ಆದರೆ ನಮ್ಮ ರಾಜ್ಯದ ಈಶಾನ್ಯ ಮೂಲೆಯ ಕಲಬುರಗಿ ಜಿಲ್ಲೆಯ ಸ್ಥಿತಿ ಬೇರೆ. ಅಲ್ಲಿ 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಗಿ, ಅತಿ ವಂದನೀಯ ರಾಬರ್ಟ್ ಮೈಕಲ್ ಮಿರಾಂದ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಆ ಭಾಗದ ಶಾಲೆ, ಹಾಸ್ಟೆಲ್, ದವಾಖಾನೆಗಳಲ್ಲಿ ಸೇವೆ ಸಲ್ಲಿಸುವವರು ಈ ಪುಟವನ್ನು ಓದುತ್ತಾರೆ. ಅವರನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಎಂಬ ಐದು ಊರುಗಳನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಇದು ಸುಣ್ಣಕಲ್ಲಿನ ನಾಡು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಬರುವುದು ಇಲ್ಲಿಂದಲೇ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಉಳಿದ ಕಡೆ ತೊಗರಿ ಮತ್ತು ಜೋಳದ ಹೊಲಗಳು. ಶಹಾಬಾದ್ ಮತ್ತು ವಾಡಿ ಕಲಬುರಗಿಯಿಂದ ದಕ್ಷಿಣಕ್ಕೆ ಹೋಗುವ ರೈಲು ಮಾರ್ಗದಲ್ಲಿವೆ. ವಾಡಿಯಿಂದ ಸಿಕಂದರಾಬಾದಿಗೆ ಕವಲೊಡೆಯುವ ಮಾರ್ಗದಲ್ಲಿ ಚಿತ್ತಾಪುರ ಮತ್ತು ಸೇಡಂ ಸಿಗುತ್ತವೆ. ಚಿಂಚೋಳಿಗೆ ರೈಲು ಇಲ್ಲ. ಐದರಲ್ಲಿ ಕಲಬುರಗಿಗೆ ಅತಿ ದೂರದ ಊರು ಅದೇ. ದಂತ ಕಾಲೇಜುಗಳಿರುವುದು ಕಲಬುರಗಿ ನಗರದಲ್ಲಿ. ತಾಂಡಾದಿಂದಲೋ ಹಳ್ಳಿಯಿಂದಲೋ ಮಗುವನ್ನು ಅಲ್ಲಿಗೆ ಕರೆದೊಯ್ಯಲು ತಾಯಿ ತಂದೆಯರಲ್ಲಿ ಒಬ್ಬರು ದಿನದ ಕೂಲಿ ಬಿಡಬೇಕು. ರಕ್ತ ಸುರಿಯುವಾಗ ಆ ಕೂಲಿಯ ಲೆಕ್ಕ ಯಾರೂ ಹಾಕುವುದಿಲ್ಲ. ನೋವಿಲ್ಲದ, ನೋಡಲು ಚೆನ್ನಾಗಿರುವ ಹಲ್ಲಿಗಾಗಿ ಮತ್ತೆ ಮತ್ತೆ ಕೂಲಿ ಬಿಡುವುದು ಮಾತ್ರ ಕಷ್ಟ. ಈ ಕಷ್ಟವನ್ನು ಅರಿಯದೆ "ಪಾಲಕರ ನಿರ್ಲಕ್ಷ್ಯ" ಎಂದು ಹೇಳಿಬಿಡುವುದು ಸರಿಯಲ್ಲ.

ನೋವಿಲ್ಲದಿದ್ದರೂ ಒಳಗೆ ಏನು ನಡೆಯುತ್ತದೆ?

ಹಲ್ಲು ಕಲ್ಲಿನಂತೆ ಕಂಡರೂ ಅದು ಜೀವವಿರುವ ಅಂಗ. ಅದರ ನಡುವೆ ಮೃದುವಾದ ತಿರುಳು ಇದೆ. ಜನ ಇದನ್ನು 'ನರ' ಎನ್ನುತ್ತಾರೆ. ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ರಕ್ತನಾಳಗಳು ಮತ್ತು ನರಗಳು ಒಳಗೆ ಹೋಗುತ್ತವೆ. ಬೇರಿನ ಸುತ್ತ ತೆಳುವಾದ ನಾರಿನ ಪದರವೊಂದಿದ್ದು, ಅದು ಹಲ್ಲನ್ನು ದವಡೆಯ ಎಲುಬಿಗೆ ಹಿಡಿದಿಡುತ್ತದೆ. ಜೋರಾದ ಪೆಟ್ಟು ಬಿದ್ದಾಗ ತುದಿಯ ರಕ್ತನಾಳಗಳು ಹರಿಯಬಹುದು, ಸುತ್ತಲಿನ ನಾರುಗಳು ಜಜ್ಜಿಹೋಗಬಹುದು. ಎರಡಕ್ಕೂ ಆಗಿರುವ ಹಾನಿ ಹೊರಗಿನಿಂದ ಕಾಣುವುದಿಲ್ಲ.

ಮೇಲಿನ ಮುಂದಿನ ಖಾಯಂ ಹಲ್ಲುಗಳು ಸಾಮಾನ್ಯವಾಗಿ 7ರಿಂದ 8ನೇ ವಯಸ್ಸಿನಲ್ಲಿ ಹುಟ್ಟುತ್ತವೆ. ಬೇರು ಪೂರ್ಣವಾಗಿ ಬೆಳೆದು ತುದಿ ಮುಚ್ಚಿಕೊಳ್ಳಲು ಆ ಬಳಿಕ ಸುಮಾರು 3 ವರ್ಷ ಬೇಕು. ತುದಿ ಇನ್ನೂ ಅಗಲವಾಗಿ ತೆರೆದಿರುವ ಎಳೆ ಹಲ್ಲಿನಲ್ಲಿ ಹರಿದ ರಕ್ತನಾಳಗಳು ಮತ್ತೆ ಬೆಳೆದು ತಿರುಳು ಬದುಕಿಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ಅಂಥ ಹಲ್ಲಿಗೆ ವೈದ್ಯರು ಅವಸರದಲ್ಲಿ ರೂಟ್ ಕೆನಾಲ್ ಮಾಡದೆ ಕಾದು ನೋಡುತ್ತಾರೆ. ಪೆಟ್ಟು ಬಿದ್ದ ಹೊಸತರಲ್ಲಿ ಹಲ್ಲು ತಂಪು ಪರೀಕ್ಷೆಗೆ ಸ್ಪಂದಿಸದಿದ್ದರೆ ಅದು ಸತ್ತಿದೆ ಎಂದು ಹೇಳಲಾಗುವುದಿಲ್ಲ. ಸ್ಪಂದನೆ ಮರಳಿ ಬರಲು 3 ತಿಂಗಳೂ ಹಿಡಿಯಬಹುದು. ಆದರೆ ಕಾದು ನೋಡುವುದೆಂದರೆ ನಿಜವಾಗಿಯೂ ನೋಡುತ್ತಿರಬೇಕು. ಮಗುವೇ ಬಾರದಿದ್ದರೆ ವೈದ್ಯರು ನೋಡುವುದಾದರೂ ಏನನ್ನು?

ತಿರುಳು ಸತ್ತರೆ ಅಲ್ಲಿ ರೋಗಾಣುಗಳು ಸೇರುತ್ತವೆ. ಅವುಗಳ ವಿಷ ಹಲ್ಲಿನ ಸೂಕ್ಷ್ಮ ನಾಳಗಳ ಮೂಲಕ ಬೇರಿನ ಹೊರಮೈಗೆ ಹಾಯುತ್ತದೆ. ಆಗ ದೇಹದ ಕೋಶಗಳೇ ಬೇರನ್ನು ಕರಗಿಸತೊಡಗುತ್ತವೆ. ಮಕ್ಕಳಲ್ಲಿ ಇದು ಬಹಳ ವೇಗವಾಗಿ ನಡೆಯುತ್ತದೆ. ಅನೇಕ ಸಲ ಇದಕ್ಕೆ ನೋವೂ ಇರುವುದಿಲ್ಲ. ಎಕ್ಸರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಸಮಯಕ್ಕೆ ಸರಿಯಾಗಿ ರೂಟ್ ಕೆನಾಲ್ ಮಾಡಿದರೆ ಈ ಕರಗುವಿಕೆಯನ್ನು ಹೆಚ್ಚಾಗಿ ತಡೆಯಬಹುದು.

ಇನ್ನೊಂದು ತೊಂದರೆ ನಿಧಾನವಾದದ್ದು. ಬೇರಿನ ಸುತ್ತಲಿನ ನಾರಿನ ಕೋಶಗಳು ಒಣಗಿ ಸತ್ತಿದ್ದರೆ ಬೇರು ನೇರವಾಗಿ ಎಲುಬಿಗೆ ಅಂಟಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಬೇರಿನ ಜಾಗವನ್ನು ಎಲುಬು ತಿನ್ನುತ್ತಾ ಬರುತ್ತದೆ. ಮಗು ಬೆಳೆಯುತ್ತದೆ, ಪಕ್ಕದ ಹಲ್ಲುಗಳು ದವಡೆಯೊಂದಿಗೆ ಮುಂದುವರಿಯುತ್ತವೆ, ಅಂಟಿಕೊಂಡ ಹಲ್ಲು ಮಾತ್ರ ಇದ್ದಲ್ಲಿಯೇ ನಿಂತು ಗಿಡ್ಡವಾಗಿ ಕಾಣುತ್ತದೆ. ಇದನ್ನು ನಿಲ್ಲಿಸುವ ಔಷಧಿ ಇಲ್ಲ. ಆದರೆ ಬೇಗ ಗುರುತಿಸಿದರೆ ದವಡೆಯ ಎಲುಬು ಕುಗ್ಗದಂತೆ ಉಪಾಯ ಮಾಡಬಹುದು. ಮುಂದೆ ಕೃತಕ ಹಲ್ಲು ಇಡಲು ಆ ಎಲುಬು ಬೇಕೇ ಬೇಕು.

ಮೊದಲ ಗಂಟೆಯ ಮಹತ್ವ

ಮುಂದಿನ ಆರೈಕೆಯ ಫಲ ಮೊದಲ ಗಂಟೆಯನ್ನೂ ಅವಲಂಬಿಸಿದೆ. ಬೇರುಸಹಿತ ಹೊರಬಂದ ಖಾಯಂ ಹಲ್ಲನ್ನು ಬೇರಿನ ಕಡೆ ಮುಟ್ಟದೆ, ಬಿಳಿ ಭಾಗದಲ್ಲಿ ಹಿಡಿಯಬೇಕು. ಮಣ್ಣಾಗಿದ್ದರೆ ಹಾಲು, ಸಲೈನ್ ಅಥವಾ ಮಗುವಿನ ಉಗುಳಿನಲ್ಲಿ ಮೆಲ್ಲಗೆ ತೊಳೆದು, ಉಜ್ಜದೆ, ಅದರ ಗುಳಿಯಲ್ಲೇ ಕೂರಿಸಿ, ಬಟ್ಟೆ ಕಚ್ಚಿಸಿ ವೈದ್ಯರಲ್ಲಿಗೆ ಹೋಗಬೇಕು. ಕೂರಿಸಲು ಸಾಧ್ಯವಾಗದಿದ್ದರೆ ಹಾಲಿನಲ್ಲಿ ಹಾಕಿ ಒಯ್ಯಬೇಕು. ಕಾಗದದಲ್ಲೋ ಕರವಸ್ತ್ರದಲ್ಲೋ ಒಣಗಲು ಬಿಡಬಾರದು. ಒಂದು ಗಂಟೆ ಒಣಗಿದ ಹಲ್ಲಿನ ನಾರಿನ ಕೋಶಗಳು ಬದುಕಿ ಉಳಿಯುವ ಸಾಧ್ಯತೆ ತೀರಾ ಕಡಿಮೆ. ಹಾಗೆಂದು ಅದನ್ನು ಎಸೆಯಬಾರದು. ಅದನ್ನೂ ಕೂರಿಸಿ ಕೆಲವು ವರ್ಷ ಉಳಿಸಿಕೊಳ್ಳಬಹುದು. ಹಲ್ಲು ಎಷ್ಟು ಹೊತ್ತು ಹೊರಗಿತ್ತು, ಯಾವುದರಲ್ಲಿ ಇಟ್ಟಿದ್ದರು ಎಂಬುದನ್ನು ಬರೆದಿಡಬೇಕು. ಮುಂದೆ ನೋಡುವ ಪ್ರತಿಯೊಬ್ಬ ವೈದ್ಯರೂ ಇದನ್ನೇ ಮೊದಲು ಕೇಳುತ್ತಾರೆ. ಟಿಟಿ ಇಂಜೆಕ್ಷನ್ ಬಗ್ಗೆಯೂ ಅದೇ ದಿನ ವಿಚಾರಿಸಬೇಕು.

ತಂತಿ ತೆಗೆಸುವುದು ಮರೆಯಬಾರದು

ಅಲುಗಾಡುವ ಹಲ್ಲನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಸಣ್ಣ ತಂತಿಯನ್ನು ಹಲ್ಲಿನ ಬಣ್ಣದ ಸಿಮೆಂಟಿನಿಂದ ಅಂಟಿಸುತ್ತಾರೆ. "ತಂತಿ ಇದ್ದಷ್ಟು ದಿನ ಹಲ್ಲು ಗಟ್ಟಿ" ಎಂದು ಅನೇಕರು ನಂಬಿದ್ದಾರೆ. ಇದು ತಪ್ಪು. ಹಲ್ಲು ಸ್ವಲ್ಪ ಅಲುಗಾಡುತ್ತಿದ್ದರೇ ಸುತ್ತಲಿನ ನಾರುಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ತಿಂಗಳುಗಟ್ಟಲೆ ಬಿಗಿದಿಟ್ಟರೆ ಬೇರು ಎಲುಬಿಗೆ ಅಂಟಿಕೊಳ್ಳುವ ಅಪಾಯ ಹೆಚ್ಚುತ್ತದೆ. ತಂತಿಯ ಸಂದಿಯಲ್ಲಿ ಅನ್ನದ ಚೂರು ಸಿಕ್ಕಿ ವಸಡು ಕೆಡುವುದು ಬೇರೆ.

ಹಲ್ಲಿನ ಗಾಯಗಳ ತಜ್ಞರ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಹೊರಬಂದು ಮತ್ತೆ ಕೂರಿಸಿದ ಹಲ್ಲಿಗೆ ತಂತಿ ಸಾಮಾನ್ಯವಾಗಿ 2 ವಾರ ಸಾಕು. ಪಕ್ಕಕ್ಕೆ ಸರಿದ ಹಲ್ಲಿಗೆ ಮತ್ತು ಬೇರು ಮುರಿದ ಹಲ್ಲಿಗೆ 4 ವಾರ. ಬೇರು ವಸಡಿನ ಹತ್ತಿರವೇ ಮುರಿದಿದ್ದರೆ ಮಾತ್ರ 4 ತಿಂಗಳವರೆಗೂ ಬೇಕಾಗಬಹುದು. ಆದ್ದರಿಂದ ತಂತಿ ಕಟ್ಟಿದ ದಿನವೇ "ಇದನ್ನು ಯಾವ ದಿನ ತೆಗೆಯಬೇಕು?" ಎಂದು ಕೇಳಿ ಬರೆಸಿಕೊಳ್ಳಬೇಕು. ಮನೆಯಲ್ಲಿ ಇಕ್ಕಳದಿಂದ ಕೀಳುವ ಸಾಹಸ ಬೇಡ.

ದಿನಾಂಕಗಳ ಲೆಕ್ಕ

ಒಂದು ಉದಾಹರಣೆ ನೋಡೋಣ. 11 ವರ್ಷದ, ಬೇರು ಪೂರ್ಣ ಬೆಳೆದ ಹಲ್ಲಿನ ಒಬ್ಬ ಹುಡುಗ ಜೂನ್ 10ರಂದು ಬಿದ್ದು, ಹೊರಬಂದ ಹಲ್ಲನ್ನು ವೈದ್ಯರು ಮತ್ತೆ ಕೂರಿಸಿದರು ಎಂದುಕೊಳ್ಳಿ. ಅವನ ದಿನಾಂಕಗಳು ಹೀಗಿರುತ್ತವೆ:

ಜೂನ್ 24 (2 ವಾರ): ತಂತಿ ತೆಗೆಯುವುದು. ಇಷ್ಟರೊಳಗೆ ರೂಟ್ ಕೆನಾಲ್ ಆರಂಭವಾಗಿರಬೇಕು.
ಜುಲೈ 8 (4 ವಾರ): ಪರೀಕ್ಷೆ, ಎಕ್ಸರೇ.
ಸೆಪ್ಟೆಂಬರ್ 10 (3 ತಿಂಗಳು): ಪರೀಕ್ಷೆ, ಎಕ್ಸರೇ.
ಡಿಸೆಂಬರ್ 10 (6 ತಿಂಗಳು): ಪರೀಕ್ಷೆ, ಎಕ್ಸರೇ.
ಮರುವರ್ಷ ಜೂನ್ 10: ಪರೀಕ್ಷೆ, ಎಕ್ಸರೇ. ಆಮೇಲೆ ಕನಿಷ್ಠ 5 ವರ್ಷ ತುಂಬುವವರೆಗೆ ವರ್ಷಕ್ಕೊಮ್ಮೆ.

ರೂಟ್ ಕೆನಾಲಿನ ಭೇಟಿಗಳನ್ನು ಬಿಟ್ಟು ಒಟ್ಟು 9 ಭೇಟಿಗಳಾದವು. ಬೇರಿನ ತುದಿ ಇನ್ನೂ ಮುಚ್ಚದ 8 ವರ್ಷದ ಮಗುವಾದರೆ ರೂಟ್ ಕೆನಾಲನ್ನು ಕೂಡಲೇ ಮಾಡುವುದಿಲ್ಲ. ಬದಲಾಗಿ ಇನ್ನೂ ಹತ್ತಿರ ಹತ್ತಿರ, ಅಂದರೆ 2 ವಾರ, 1 ತಿಂಗಳು, 2 ತಿಂಗಳು, 3 ತಿಂಗಳು, 6 ತಿಂಗಳು ಮತ್ತು 1 ವರ್ಷಕ್ಕೆ ನೋಡುತ್ತಾರೆ. ಸ್ವಲ್ಪ ಅಲುಗಾಡಿದ ಹಲ್ಲಿಗೆ 2 ವಾರ, 3 ತಿಂಗಳು, 6 ತಿಂಗಳು ಮತ್ತು 1 ವರ್ಷ. ತಿರುಳು ಕಾಣದಂತೆ ತುದಿ ಮುರಿದು ಕಟ್ಟಿಸಿಕೊಂಡ ಹಲ್ಲಿಗೂ 6ರಿಂದ 8 ವಾರಕ್ಕೆ ಒಮ್ಮೆ, ವರ್ಷಕ್ಕೆ ಒಮ್ಮೆ ಪರೀಕ್ಷೆ ಬೇಕು. ಇವು ಸಾಮಾನ್ಯ ಲೆಕ್ಕ. ನಿಮ್ಮ ಮಗುವನ್ನು ನೋಡಿದ ವೈದ್ಯರು ಕೊಟ್ಟ ದಿನಾಂಕವೇ ಅಂತಿಮ.

ಮೇಲಿನ ಉದಾಹರಣೆಯಲ್ಲಿ 6 ತಿಂಗಳ ಭೇಟಿ ಡಿಸೆಂಬರಿನಲ್ಲಿ ಬರುತ್ತದೆ. ಕಲಬುರಗಿ ಸೀಮೆಯಲ್ಲಿ ಅದು ತೊಗರಿ ರಾಶಿಯ ಕಾಲ. ಬೇಸಿಗೆಗೆ ಎಷ್ಟೋ ಕುಟುಂಬಗಳು ಕೆಲಸಕ್ಕಾಗಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗಿರುತ್ತವೆ. ಸೇಡಂ, ಚಿಂಚೋಳಿ ಕಡೆಯವರು ತೆಲಂಗಾಣದ ತಾಂಡೂರಿಗೂ ಚಿಕಿತ್ಸೆಗೆ ಹೋಗುವುದುಂಟು. ಮೊದಲ ಚಿಕಿತ್ಸೆ ಒಂದು ಕಡೆ, ಮುಂದಿನದು ಇನ್ನೊಂದು ಕಡೆ ಆಗುವಾಗ ಕಾಗದಪತ್ರ ಇಲ್ಲದಿದ್ದರೆ ಹೊಸ ವೈದ್ಯರು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ಚೀಟಿ ಮತ್ತು ಎಕ್ಸರೇಯ ಫೋಟೋ ತೆಗೆದು ತಂದೆ ತಾಯಿಯ ಮೊಬೈಲಿನಲ್ಲೂ ಶಿಕ್ಷಕರ ಮೊಬೈಲಿನಲ್ಲೂ ಇಡುವುದು ಖರ್ಚಿಲ್ಲದ ಉಪಾಯ.

ಮನೆಯಲ್ಲಿ, ಹಾಸ್ಟೆಲಿನಲ್ಲಿ

ಮೊದಲ ಎರಡು ವಾರ ಮೆತ್ತಗಿನ ಊಟ ಕೊಡಬೇಕು. ಕಡಕ್ ರೊಟ್ಟಿ, ಶೇಂಗಾ, ಕಬ್ಬು ಬೇಡ. ಅನ್ನ ಬೇಳೆ, ಜೋಳದ ನುಚ್ಚು, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮಜ್ಜಿಗೆ, ಬಾಳೆಹಣ್ಣು ಆಗಬಹುದು. ಕರಾವಳಿಯ ಮನೆಗಳಲ್ಲಿ ಗಂಜಿ ಇದ್ದೇ ಇದೆ. ಗಾಯದ ಹಲ್ಲಿನಿಂದ ಕಚ್ಚಿ ತಿನ್ನಬಾರದು.

ನೋವಾಗುತ್ತದೆಂದು ಹಲ್ಲುಜ್ಜುವುದನ್ನು ನಿಲ್ಲಿಸಬಾರದು. ಪ್ರತಿ ಊಟದ ಬಳಿಕ ಮೆತ್ತಗಿನ ಬ್ರಷ್‌ನಿಂದ ನಿಧಾನವಾಗಿ ಉಜ್ಜಬೇಕು. ವೈದ್ಯರು ಹೇಳಿದ್ದರೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ದಿನಕ್ಕೆ ಎರಡು ಸಲ ಬಾಯಿ ಮುಕ್ಕಳಿಸಬೇಕು. ಇದ್ದಿಲು, ಬೂದಿ, ಉಪ್ಪುಕಲ್ಲಿನಿಂದ ತಿಕ್ಕುವುದು, ವಸಡಿಗೆ ತಂಬಾಕು ಪುಡಿ ಅಥವಾ ಲವಂಗದ ಎಣ್ಣೆ ಹಚ್ಚುವುದು ಬೇಡ. ಕಬಡ್ಡಿ, ಖೋಖೋ, ಕ್ರಿಕೆಟ್ ಆಟಗಳನ್ನು ವೈದ್ಯರು ಒಪ್ಪುವವರೆಗೆ ನಿಲ್ಲಿಸಬೇಕು. ಬರೆದುಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ನೋವು ಹೋಯಿತೆಂದು ನಡುವೆ ಬಿಡಬಾರದು.

ಮಗುವಿನ ಮನಸ್ಸಿಗೂ ಆರೈಕೆ ಬೇಕು. ಮುಂದಿನ ಹಲ್ಲು ಮುರಿದ ಮಗು ನಗುವಾಗ ಕೈ ಅಡ್ಡ ಹಿಡಿಯುತ್ತದೆ, ತರಗತಿಯಲ್ಲಿ ಗಟ್ಟಿಯಾಗಿ ಓದಲು ಹಿಂಜರಿಯುತ್ತದೆ. ಅಡ್ಡಹೆಸರು ಇಡುವುದನ್ನು ಶಿಕ್ಷಕರು ಮೊದಲ ದಿನವೇ ತಡೆಯಬೇಕು.

ದಿನಾಂಕಕ್ಕೆ ಕಾಯದೆ ಕರೆದೊಯ್ಯಬೇಕಾದ ಲಕ್ಷಣಗಳು

ಹಲ್ಲು ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ಹಲ್ಲಿನ ಮೇಲಿನ ವಸಡಿನಲ್ಲಿ ಗುಳ್ಳೆ ಎದ್ದು ಕೀವು ಬರುವುದು, ತುಟಿ ಅಥವಾ ಮುಖ ಬಾತುಕೊಳ್ಳುವುದು, ಗಟ್ಟಿಯಾಗಿದ್ದ ಹಲ್ಲು ಮತ್ತೆ ಅಲುಗಾಡುವುದು, ಕಚ್ಚುವಾಗ ನೋವು, ಪಕ್ಕದ ಹಲ್ಲಿಗಿಂತ ಗಿಡ್ಡವಾಗಿ ಕಾಣುವುದು, ತಂತಿ ಕಳಚಿಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ವೈದ್ಯರಿಗೆ ತೋರಿಸಬೇಕು. ಬಾವಿನೊಂದಿಗೆ ಜ್ವರವಿದ್ದರೆ ಅದೇ ದಿನ ಹೋಗಬೇಕು. ಆದರೆ ಲಕ್ಷಣಗಳಿಲ್ಲದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದೂ ಅರ್ಥವಲ್ಲ.

ಹಾಲುಹಲ್ಲು ತಾನೇ ಎನ್ನಬೇಡಿ

ಅಂಗನವಾಡಿಗೆ ಹೋಗುವ ಮಗುವಿನ ಹಾಲುಹಲ್ಲು ಹೊರಬಂದರೆ ಅದನ್ನು ಮತ್ತೆ ಕೂರಿಸಬಾರದು. ಒಳಗೆ ಬೆಳೆಯುತ್ತಿರುವ ಖಾಯಂ ಹಲ್ಲಿನ ಮೊಳಕೆಗೆ ಅದರಿಂದ ಹಾನಿಯಾಗಬಹುದು. ಒಳಕ್ಕೆ ಸೇರಿಕೊಂಡ ಹಾಲುಹಲ್ಲು ಹೆಚ್ಚಾಗಿ ಕೆಲವು ತಿಂಗಳುಗಳಲ್ಲಿ ತಾನೇ ಇಳಿದು ಬರುತ್ತದೆ. ಹಾಲುಹಲ್ಲಿನ ಬಣ್ಣ ಬದಲಾದರೆ, ಸೋಂಕಿನ ಲಕ್ಷಣ ಇಲ್ಲದಿದ್ದಲ್ಲಿ, ಕೀಳಿಸುವ ಅವಸರ ಬೇಡ.

ಆದರೆ ಹಾಲುಹಲ್ಲಿಗೆ ಬಿದ್ದ ಪೆಟ್ಟು ಕೆಳಗಿನ ಖಾಯಂ ಹಲ್ಲಿಗೂ ತಾಗಿರಬಹುದು. ಅದು ಬಿಳಿ, ಹಳದಿ ಕಲೆಗಳೊಂದಿಗೆ ಹುಟ್ಟಬಹುದು, ಡೊಂಕಾಗಬಹುದು ಅಥವಾ ತಡವಾಗಬಹುದು. ಆದ್ದರಿಂದ 6ರಿಂದ 8 ವಾರಕ್ಕೊಮ್ಮೆ ತೋರಿಸಿ, ಮಗುವಿಗೆ 6 ವರ್ಷ ಆದಾಗ ಖಾಯಂ ಹಲ್ಲು ಸರಿಯಾಗಿ ಬರುತ್ತಿದೆಯೇ ಎಂದು ಮತ್ತೆ ನೋಡಿಸಬೇಕು.

ಎಲ್ಲಿಗೆ ಹೋಗಬೇಕು?

ಕಲಬುರಗಿ ನಗರದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ಮತ್ತು ಸೇಡಂ ರಸ್ತೆಯಲ್ಲಿ ಇಎಸ್‌ಐ ದಂತ ಕಾಲೇಜು ಇವೆ. ದಂತ ಕಾಲೇಜುಗಳಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಕಾರ್ಖಾನೆಯಲ್ಲಿ ಇಎಸ್‌ಐ ವಿಮೆ ಇರುವ ಕಾರ್ಮಿಕರ ಮಕ್ಕಳಿಗೂ ಆ ವಿಮೆಯ ಸೌಲಭ್ಯ ಸಿಗುತ್ತದೆ. ವಾಡಿ, ಶಹಾಬಾದ್, ಸೇಡಂ ಕಡೆಯ ಕಾರ್ಮಿಕ ಕುಟುಂಬಗಳು ತಮ್ಮ ಕಾರ್ಡು ಪರಿಶೀಲಿಸಿಕೊಳ್ಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದಾಗ ಹಲ್ಲಿಗೆ ಪೆಟ್ಟಾದ ಮಕ್ಕಳನ್ನು ತಪ್ಪದೆ ತೋರಿಸಬೇಕು.

ಎಲ್ಲ ಭೇಟಿಗೂ ಕಲಬುರಗಿಗೇ ಹೋಗಬೇಕೆಂದಿಲ್ಲ. ಮೊದಲ ದಿನವೇ ವೈದ್ಯರಲ್ಲಿ ಒಂದು ಪ್ರಶ್ನೆ ಕೇಳಿ: "ಇವುಗಳಲ್ಲಿ ಯಾವ ಭೇಟಿಯನ್ನು ನಮ್ಮ ತಾಲೂಕಿನ ದಂತ ವೈದ್ಯರಲ್ಲಿ ಮಾಡಬಹುದು, ಯಾವುದಕ್ಕೆ ಇಲ್ಲಿಗೇ ಬರಬೇಕು?" ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಚಿಂಚೋಳಿಯ ತಾಯಿಗೆ ಇದರಿಂದ ಕೆಲವು ದಿನಗಳ ಕೂಲಿ ಉಳಿಯಬಹುದು.

ಧರ್ಮಕೇಂದ್ರ ಮತ್ತು ಶಾಲೆ ಮಾಡಬಹುದಾದದ್ದು

ಇದಕ್ಕೆ ದೊಡ್ಡ ಯೋಜನೆ ಬೇಡ, ಒಂದು ನೋಟ್‌ಬುಕ್ ಸಾಕು. ಗಾಯವಾದ ಮಗುವಿಗೆ ಒಂದು ಪುಟ. ಬಿದ್ದ ದಿನ, ಯಾವ ಹಲ್ಲು, ಎಷ್ಟು ಹೊತ್ತು ಹೊರಗಿತ್ತು, ಯಾರು ಚಿಕಿತ್ಸೆ ಕೊಟ್ಟರು, ತಂತಿ ತೆಗೆಯುವ ದಿನ, ಮುಂದಿನ ದಿನಾಂಕಗಳು. ಭೇಟಿ ಮುಗಿದಂತೆ ಒಂದೊಂದಕ್ಕೆ ಗುರುತು ಹಾಕುವುದು. ಹಾಸ್ಟೆಲಿನ ವಾರ್ಡನ್, ಶಾಲೆಯ ಒಬ್ಬ ಶಿಕ್ಷಕಿ ಅಥವಾ ವಾರ್ಡಿನ ಗುರಿಕಾರರು ಇದನ್ನು ನೋಡಿಕೊಳ್ಳಬಹುದು. ಪುಟ ಬೇರೆಯವರ ಕೈಗೆ ಸಿಗದಂತೆ ಇಡಬೇಕು.

ಭೇಟಿಯ ದಿನ ಮಗುವಿಗೆ ರಜೆ ಕೊಡುವುದು, ತಂದೆ ತಾಯಿಗೆ ಆಗದಿದ್ದರೆ ಅವರ ಒಪ್ಪಿಗೆ ಪಡೆದು ಜವಾಬ್ದಾರಿಯುತರೊಬ್ಬರು ಜತೆಗೆ ಹೋಗುವುದು, ಇಬ್ಬರು ಮಕ್ಕಳಿದ್ದರೆ ಒಂದೇ ದಿನ ಹೊಂದಿಸುವುದು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯಂಥ ಸಂಘಟನೆ ಇರುವಲ್ಲಿ ಬಸ್ಸಿನ ಖರ್ಚಿಗೆ ನೆರವಾಗುವುದು ನಮ್ಮ ಕೈಯಲ್ಲಿರುವ ಕೆಲಸಗಳು. ಮಗು ಶಾಲೆ ಬದಲಾಯಿಸುವಾಗ ವರ್ಗಾವಣೆ ಪತ್ರದೊಂದಿಗೆ ಈ ಪುಟದ ಪ್ರತಿಯನ್ನೂ ತಂದೆ ತಾಯಿಯ ಕೈಗೆ ಕೊಡಬೇಕು. ಗುಳೆ ಹೋಗುವ ಕುಟುಂಬಕ್ಕೆ ಇದು ಬಹಳ ಮುಖ್ಯ. ಪುಟ ಜತೆಗಿದ್ದರೆ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ದಂತ ವೈದ್ಯರು ಚಿಕಿತ್ಸೆಯನ್ನು ಅಲ್ಲಿಂದಲೇ ಮುಂದುವರಿಸಬಹುದು.

ಬಿದ್ದ ದಿನ ಮಗುವನ್ನು ಎತ್ತಿಕೊಂಡು ಓಡಲು ಹತ್ತು ಜನ ಇರುತ್ತಾರೆ. ಆರು ತಿಂಗಳ ನಂತರ ಆ ಮಗುವಿನ ದಿನಾಂಕ ನೆನಪಿಡುವವರು ಒಬ್ಬರಾದರೂ ಬೇಕು. ನಿಮ್ಮ ಶಾಲೆಯಲ್ಲಿ, ನಿಮ್ಮ ವಾರ್ಡಿನಲ್ಲಿ ಕಳೆದ ಒಂದು ವರ್ಷದಲ್ಲಿ ಹಲ್ಲಿಗೆ ಪೆಟ್ಟಾದ ಮಗು ಇದ್ದರೆ, ತಂತಿ ತೆಗೆಸಿದ್ದಾರೆಯೇ, ಮತ್ತೆ ವೈದ್ಯರಿಗೆ ತೋರಿಸಿದ್ದಾರೆಯೇ ಎಂದು ಈ ವಾರವೇ ವಿಚಾರಿಸಿ. ತಡವಾಗಿದ್ದರೂ ಕರೆದುಕೊಂಡು ಹೋಗಿ. ತಡವಾಗಿ ತೋರಿಸಿದರೂ ಉಳಿಸಿಕೊಳ್ಳಬಹುದಾದ ಹಲ್ಲುಗಳು ಇವೆ.